ಅಜ್ಜಿ ಡಬ್ಬೀಲಿರೋ ನಾಲ್ಕಾಣೆಗೆ ನಿಜವಾಗ್ಲೂ ಐದು ಲಕ್ಷ ಬರುತ್ತಾ?

ಪ್ರಶ್ನೆ: ಸಾರ್, ನಮ್ದು ಶಿಡ್ಲಘಟ್ಟ ತಾಲ್ಲೂಕಲ್ಲಿ ಒಂದು ಹಳ್ಳಿ. ಹಳೇ ಮನೆ ಬಿಚ್ಚೋಕೆ ಮುಂಚೆ ಅಟ್ಟ ಖಾಲಿ ಮಾಡುವಾಗ ಅಜ್ಜೀದು ಒಂದು ಬಿಸ್ಕತ್ ಡಬ್ಬಿ ಸಿಕ್ತು, ತುಂಬಾ ಚಿಲ್ಲರೆ. ಅಲ್ಯೂಮಿನಿಯಂ ಐದು ಪೈಸೆ ಹತ್ತು ಪೈಸೆ ರಾಶಿ ಇದೆ, ಘೇಂಡಾಮೃಗದ ನಾಲ್ಕಾಣೆ, ಕಮಲದ ಇಪ್ಪತ್ತು ಪೈಸೆ, ತೂತಿನ ಕಾಸು, ಹೂವಿನ ಥರ ಅಂಚಿರೋ ಆಣೆಗಳು, ರಾಜನ ತಲೆ ಇರೋ ನಾಲ್ಕು ಬೆಳ್ಳಿ ರೂಪಾಯಿ, ಜೊತೆಗೆ 1818 ಅಂತಿರೋ ರಾಮ ಸೀತೆ ಬಿಲ್ಲೆ ಒಂದು. ನಮ್ಮ ಭಾವ ಯುಟ್ಯೂಬ್ ನೋಡಿ ಘೇಂಡಾಮೃಗದ್ದಕ್ಕೆ ಐದು ಲಕ್ಷ ಅಂತ ಆನ್‌ಲೈನಲ್ಲಿ ಫೋಟೋ ಹಾಕಿದ್ರು. ಮಾರನೇ ದಿನಾನೇ ಒಬ್ರು ಫೋನ್ ಮಾಡಿ ಡೀಲ್ ಓಕೆ, ಆರ್‌ಬಿಐ ಸರ್ಟಿಫಿಕೇಟ್‌ಗೆ ಮೊದ್ಲು 2,150 ರೂಪಾಯಿ ಹಾಕಿ ಅಂತಿದಾರೆ. ನಂಬಬಹುದಾ? ಒಂದಷ್ಟನ್ನ ಹುಣಸೆಹಣ್ಣು ಹಾಕಿ ಉಜ್ಜಿದೀವಿ, ಉಳಿದಿದ್ದೂ ಉಜ್ಜಲಾ? ಇಷ್ಟು ಹಳೇ ಕಾಸು ಮನೇಲಿಟ್ಕೊಂಡ್ರೆ ಪೊಲೀಸ್ ತೊಂದ್ರೆ ಇದ್ಯಾ? ನಂಗೆ ಇವನ್ನ ಮಾರೋಕಿಂತ ಕಲೆಕ್ಷನ್ ಮಾಡೋ ಆಸೆ ಶುರುವಾಗಿದೆ, ಎಲ್ಲಿಂದ ಶುರು ಮಾಡ್ಲಿ?

ಉತ್ತರ: ಆ 2,150 ಕಳಿಸಬೇಡಿ. ಕಳಿಸಿದ್ದಾಗಿದ್ರೆ ಇವತ್ತೇ 1930ಗೆ ಫೋನ್ ಮಾಡಿ, ಅದು ಸೈಬರ್ ವಂಚನೆಯ ಸಹಾಯವಾಣಿ, ಎಷ್ಟು ಬೇಗ ಹೇಳ್ತೀರೋ ಅಷ್ಟು ದುಡ್ಡು ತಡೆಹಿಡಿಯೋ ಚಾನ್ಸ್ ಜಾಸ್ತಿ. ಉಳಿದಿದ್ದೆಲ್ಲ ನಿಧಾನಕ್ಕೆ ಮಾತಾಡೋಣ, ಡಬ್ಬಿ ಎಲ್ಲೂ ಓಡಿಹೋಗಲ್ಲ.

ನಾನು ತುಮಕೂರಲ್ಲಿ ಹಳೇ ನಾಣ್ಯ ಕೊಳ್ಳೋದು, ಮಾರೋದು, ಬಂದೋರಿಗೆ ನೋಡಿ ಹೇಳೋದು ಮಾಡ್ಕೊಂಡಿರೋನು. ನಿಮ್ಮಂಥ ಡಬ್ಬಿ ಮಧುಗಿರಿಯಿಂದ, ಪಾವಗಡದಿಂದ, ಗೌರಿಬಿದನೂರಿಂದ ಬರ್ತಾನೇ ಇರುತ್ತೆ, ಒಳಗಿರೋ ಸಾಮಾನೂ ಹೆಚ್ಚುಕಮ್ಮಿ ಇದೇನೇ. ಕಾರಣ ಸಿಂಪಲ್ಲು, ನಮ್ಮ ಕಡೆ ಎಲ್ಲ ಮೈಸೂರು ಸಂಸ್ಥಾನ ಆದ್ರೂ 19ನೇ ಶತಮಾನದ ಮಧ್ಯದ ಹೊತ್ತಿಗೆ ಮೈಸೂರಿನ ಸ್ವಂತ ನಾಣ್ಯ ನಿಂತುಹೋಗಿತ್ತು, ಆಮೇಲೆ ಸಂತೇಲಿ ಓಡಾಡಿದ್ದೆಲ್ಲ ಬ್ರಿಟಿಷ್ ಇಂಡಿಯಾದ್ದು, 1950 ಆದ್ಮೇಲೆ ಭಾರತ ಸರ್ಕಾರದ್ದು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕನ್ನಡ ಅಕ್ಷರದ ತಾಮ್ರದ ಕಾಸು, ಟಿಪ್ಪುವಿನ ಆನೆ ಕಾಸು ಇವೆಲ್ಲ ಆಗೊಮ್ಮೆ ಈಗೊಮ್ಮೆ ಬರುತ್ತೆ, ಆದ್ರೆ ಅಜ್ಜಿಯರ ಡಬ್ಬೀಲಿ ಇರೋದು ಅವರೇ ಎಲೆ ಅಡಿಕೆಗೆ, ಬಸ್ಸಿಗೆ ಕೊಟ್ಟು ಉಳಿದ ಚಿಲ್ಲರೆ.

ಈಗ ಐದು ಲಕ್ಷದ ವಿಷ್ಯ. ಘೇಂಡಾಮೃಗದ ಇಪ್ಪತ್ತೈದು ಪೈಸೆ ಸ್ಟೀಲಿಂದು, 1988ರಿಂದ 2002ರವರೆಗೆ ಕೋಟಿಗಟ್ಟಲೆ ಹೊಡೆದಿದ್ದು. ನಿಮ್ಮ ಮನೇಲಿದೆ, ಪಕ್ಕದ ಮನೆ ದೇವರ ಹುಂಡೀಲಿದೆ, ನಮ್ಮ ಅಂಗಡೀಲಿ ಚೀಲದಲ್ಲಿದೆ. ಲಾಟಲ್ಲಿ, ಅಂದ್ರೆ ರಾಶಿಯಾಗಿ ಒಟ್ಟಿಗೆ ಕೊಟ್ರೆ ಒಂದಕ್ಕೆ ಎರಡು ಮೂರು ರೂಪಾಯಿ ಸಿಕ್ಕಿದ್ರೆ ಅದೇ ಹೆಚ್ಚು. ಐದು ಲಕ್ಷ ಕೊಡೋನು ನಿಜವಾಗ್ಲೂ ಇದ್ರೆ ನಾನ್ಯಾಕೆ ನಿಮಗೆ ಉತ್ತರ ಬರ್ಕೊಂಡು ಕೂತಿರ್ತಿದ್ದೆ ಹೇಳಿ. ವೈಷ್ಣೋದೇವಿ ಚಿತ್ರದ ಐದು ರೂಪಾಯಿ, ಹತ್ತು ರೂಪಾಯಿ ನಾಣ್ಯದ್ದೂ ಇದೇ ಕಥೆ, ಅವು 2012ನೇ ಇಸವಿಯವು, ಹತ್ತು ಲಕ್ಷ ಅಂತ ವಾಟ್ಸಾಪಲ್ಲಿ ಓಡಾಡುತ್ತೆ, ಮಾರ್ಕೆಟ್ಟಲ್ಲಿ ಅವಕ್ಕೆ ಸಿಗೋದು ಮುಖಬೆಲೆ ಮೇಲೆ ಒಂದಷ್ಟು ಚಿಲ್ಲರೆ.

ಈ ವಿಡಿಯೋ ಮಾಡೋರಿಗೆ ವ್ಯೂಸ್ ಬೇಕು ಅಷ್ಟೇ. ಅದರ ಹಿಂದೆ ಬರೋ ಫೋನ್ ಇದ್ಯಲ್ಲ, ಅದು ಬೇರೆ ಗ್ಯಾಂಗು. ಅವರು ನಿಮ್ಮ ನಾಣ್ಯ ಚೆನ್ನಾಗಿದ್ಯಾ, ಯಾವ ಮಿಂಟು (ನಾಣ್ಯ ಹೊಡೆದ ಟಂಕಸಾಲೆ), ಹಿಂದ್ಗಡೆ ಫೋಟೋ ಕಳಿಸಿ ಅಂತ ಒಂದ್ಸಲಾನೂ ಕೇಳಲ್ಲ, ನೇರವಾಗಿ ರೇಟಿಗೆ ಬರ್ತಾರೆ. ನಾಣ್ಯ ತಗೊಳ್ಳೋ ಯಾವ ಮನುಷ್ಯನೂ ಹಾಗೆ ಮಾಡಲ್ಲ, ನಾವು ಇನ್ನೂರು ರೂಪಾಯಿ ನಾಣ್ಯಕ್ಕೂ ಲೆನ್ಸ್ ಹಾಕಿ ಹತ್ತು ಸಲ ತಿರುಗಿಸಿ ನೋಡ್ತೀವಿ. ಮೊದ್ಲು ಸರ್ಟಿಫಿಕೇಟ್, ಆಮೇಲೆ ಜಿಎಸ್‌ಟಿ, ಆಮೇಲೆ ಟ್ರಾನ್ಸ್‌ಪೋರ್ಟ್ ಇನ್ಶೂರೆನ್ಸ್, ಹೀಗೆ ಕೀಳ್ತಾ ಹೋಗ್ತಾರೆ, ಮೊದಲನೇದು ಕೊಟ್ಟೋರು ಅಷ್ಟು ಕೊಟ್ಟಾಗಿದ್ಯಲ್ಲ ಅಂತ ಎರಡನೇದೂ ಕೊಡ್ತಾರೆ. ಆರ್‌ಬಿಐನವರೇ 2021ರ ಆಗಸ್ಟಲ್ಲಿ ಪ್ರಕಟಣೆ ಕೊಟ್ಟಿದ್ದಾರೆ, ಹಳೇ ನೋಟು ನಾಣ್ಯ ಕೊಳ್ಳೋ ಮಾರೋ ವ್ಯವಹಾರ ನಾವು ಮಾಡಲ್ಲ, ಅದಕ್ಕೆ ಫೀಸು ಕಮಿಷನ್ನು ಯಾವತ್ತೂ ಕೇಳಲ್ಲ, ನಮ್ಮ ಹೆಸರಲ್ಲಿ ಮಾಡೋಕೆ ಯಾರಿಗೂ ಅಧಿಕಾರ ಕೊಟ್ಟಿಲ್ಲ ಅಂತ. ನಿಮ್ಮ ಭಾವನಿಗೆ ಇದನ್ನ ಮೆತ್ತಗೆ ಹೇಳಿ, ಬೈಯಬೇಡಿ, ಓದಿರೋರು, ಕೆಲಸದಲ್ಲಿರೋರೂ ಬಿದ್ದಿದ್ದಾರೆ.

ಆ ರಾಮ ಸೀತೆ ಬಿಲ್ಲೆ ಬಗ್ಗೆಯೂ ಇಲ್ಲೇ ಹೇಳಿಬಿಡ್ತೀನಿ, ಯಾಕಂದ್ರೆ ಅದು ಇನ್ನೂ ದೊಡ್ಡ ತಲೆನೋವು. ಒಂದ್ಕಡೆ ಈಸ್ಟ್ ಇಂಡಿಯಾ ಕಂಪನಿ 1818, ಇನ್ನೊಂದ್ಕಡೆ ರಾಮನ ಪಟ್ಟಾಭಿಷೇಕವೋ ಹನುಮಂತನೋ ಇರೋದು, ಅದು ಚಲಾವಣೇಲಿದ್ದ ನಾಣ್ಯವೇ ಅಲ್ಲ. ಕಂಪನಿಯವರು ಎಲ್ಲ ಕಡೆಗೂ ಒಂದೇ ಥರದ ನಾಣ್ಯ ಶುರು ಮಾಡಿದ್ದೇ 1835ರಲ್ಲಿ. ನಿಮ್ಮ ಹತ್ರ ಇರೋದು ಆಮೇಲೆ ಯಾರೋ ಪೂಜೆಗೆ, ಜಾತ್ರೆಗೆ ಅಂತ ಮಾಡಿದ ಟೋಕನ್ನು. ದೇವರ ಮನೇಲಿಡಿ, ತಪ್ಪೇನಿಲ್ಲ. ಇದು ಅಕ್ಕಿ ಎಳೆಯುತ್ತೆ, ಇದರಲ್ಲಿ ಇರಿಡಿಯಂ ಅನ್ನೋ ದುಬಾರಿ ಲೋಹ ಇದೆ ಅಂತ ಯಾರಾದ್ರೂ ಮನೆ ಬಾಗಿಲಿಗೆ ಬಂದ್ರೆ ಮಾತ್ರ ಒಳಗೆ ಬಿಡಬೇಡಿ. ರೈಸ್ ಪುಲ್ಲಿಂಗ್ ಅಂತ ಅದೊಂದು ದಂಧೆ, ಅಕ್ಕಿಗೆ ಕಬ್ಬಿಣದ ಪುಡಿ ಹತ್ತಿಸಿ, ಬಿಲ್ಲೆ ಹತ್ರ ಮ್ಯಾಗ್ನೆಟ್ ಅಡಗಿಸಿಟ್ಟು ತೋರಿಸ್ತಾರೆ, ಜಮೀನು ಮಾರಿ ದುಡ್ಡು ಹಾಕಿದೋರಿದ್ದಾರೆ.

ಮ್ಯಾಗ್ನೆಟ್ ಅಂದ ಕೂಡ್ಲೇ ನೆನಪಾಯ್ತು, ನಿಮ್ಮ ಡಬ್ಬಿ ವಿಂಗಡಿಸೋಕೆ ಮೊದಲ ಸಲಕರಣೆ ಅದೇ. ಹಳೇ ಸ್ಪೀಕರಿಂದು ಇದ್ರೂ ಸಾಕು. 1988ರ ಆಮೇಲಿನ ಸ್ಟೀಲ್ ಚಿಲ್ಲರೆ ಅಂಟಿಕೊಳ್ಳುತ್ತೆ. 1947ರ ಹುಲಿ ಚಿತ್ರದ ರೂಪಾಯಿ, 1950ರ ಗೋಧಿ ತೆನೆ ರೂಪಾಯಿ, ಇಪ್ಪತ್ತೈದು ಮತ್ತು ಐವತ್ತು ನಯಾ ಪೈಸೆ ಇವು ನಿಕ್ಕಲ್, ಇವೂ ಅಂಟುತ್ತೆ, ಅದರಲ್ಲಿ ಯಾವ ಶಕ್ತಿಯೂ ಇಲ್ಲ, ನಿಕ್ಕಲ್ಲಿನ ಗುಣ ಅದು. ಬೆಳ್ಳಿ, ಕಂಚು, ಹಿತ್ತಾಳೆ, ಅಲ್ಯೂಮಿನಿಯಂ ಅಂಟಲ್ಲ. ತಾಮ್ರ ನಿಕ್ಕಲ್ ಸೇರಿಸಿ ಮಾಡಿದ ಬಿಳೀ ಆಣೆಗಳೂ ಅಂಟಲ್ಲ. ರಾಜನ ತಲೆ ಇರೋ ದೊಡ್ಡ 'ಬೆಳ್ಳಿ' ರೂಪಾಯಿ ಮ್ಯಾಗ್ನೆಟ್ಟಿಗೆ ಟಪ್ ಅಂತ ಹಿಡ್ಕೊಂಡ್ರೆ ಅದು ಬೆಳ್ಳಿ ಅಲ್ಲ, ಒಂದೋ 1947ರ ನಿಕ್ಕಲ್, ಇಲ್ಲಾ ಡೂಪ್ಲಿಕೇಟು.

ಜನ ಎಲ್ಲರೂ ಮಾಡೋ ಒಂದು ಲೆಕ್ಕ ಇದೆ, ಹಳೇದು ಅಂದ್ರೆ ರೇಟು ಜಾಸ್ತಿ ಅಂತ. ಹಾಗಿಲ್ಲ. 1835 ಅಂತಿರೋ ಕಂಪನಿ ಕಾಲಾಣೆ ಸುಮಾರು ಇನ್ನೂರು ವರ್ಷ ಹಳೇದು, ಆದ್ರೂ ಸವೆದಿರೋದು ನೂರಿನ್ನೂರು ರೂಪಾಯಿ ಒಳಗೆ ಸಿಗುತ್ತೆ, ಅಷ್ಟು ಹೊಡೆದಿದ್ದಾರೆ. ವಿಕ್ಟೋರಿಯಾ ರಾಣಿಯ ಬೆಳ್ಳಿ ರೂಪಾಯೀಲಿ 1862 ಅನ್ನೋ ಇಸವಿ ಆ ಒಂದು ವರ್ಷದ್ದಲ್ಲ, 1874ರವರೆಗೂ ಅದೇ ಇಸವಿ ಹಾಕಿ ಟಂಕಿಸ್ತಾ ಹೋದ್ರು, ಅದಕ್ಕೇ ಬರೋ ಹತ್ತು ವಿಕ್ಟೋರಿಯಾ ರೂಪಾಯೀಲಿ ಎಷ್ಟೋ 1862ದೇ ಇರುತ್ತೆ. ಅದೇ 1939ರ ಆರನೇ ಜಾರ್ಜ್ ಬೆಳ್ಳಿ ರೂಪಾಯಿ ವಯಸ್ಸಲ್ಲಿ ಚಿಕ್ಕದು, ಆದ್ರೆ ನಿಜವಾಗ್ಲೂ ಅಪರೂಪ. ಅದಕ್ಕೇ ಅದರ ಡೂಪ್ಲಿಕೇಟ್ ಅಸಲಿಗಿಂತ ಜಾಸ್ತಿ, 1938ರದ್ದರ ಕೊನೇ ಅಂಕಿ ತಿದ್ದಿ 1939 ಮಾಡಿರೋದನ್ನ ಲೆನ್ಸಲ್ಲಿ ನೋಡಿದ್ರೆ ಅಂಕಿ ಸುತ್ತ ಗೀಚಿದ ಗುರುತು ಕಾಣುತ್ತೆ. 1911ರ ಐದನೇ ಜಾರ್ಜ್ ರೂಪಾಯೀದೂ ಹಾಗೇ, ರಾಜನ ನಿಲುವಂಗಿ ಮೇಲಿನ ಆನೆ ಹಂದಿ ಥರ ಕಾಣುತ್ತೆ ಅಂತ ಗಲಾಟೆ ಆಗಿ ಮುಂದಿನ ವರ್ಷ ಚಿತ್ರ ತಿದ್ದಿದ್ರು. ನಿಮ್ಮ ನಾಲ್ಕರಲ್ಲಿ ಈ ಎರಡು ಇಸವಿ ಇದ್ಯಾ ನೋಡಿ. ಇಲ್ದಿದ್ರೆ ಲೆಕ್ಕ ಬೆಳ್ಳೀದು. 1939ರ ತನಕದ ರೂಪಾಯಿ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು ಬೆಳ್ಳಿ, ಅಂದ್ರೆ ಹತ್ತೂವರೆ ಗ್ರಾಂ ಚಿಲ್ಲರೆ ಅಪ್ಪಟ ಬೆಳ್ಳಿ. 1940ರಿಂದ 45ರವರೆಗಿನದ್ದರಲ್ಲಿ ಅರ್ಧಕ್ಕರ್ಧ ಮಾತ್ರ ಬೆಳ್ಳಿ, ಐದು ಮುಕ್ಕಾಲು ಗ್ರಾಂ ಆಸುಪಾಸು. ಯುದ್ಧದ ಕಾಲದಲ್ಲಿ ಬೆಳ್ಳಿಗೆ ಬರ ಬಂದಿತ್ತು. ಸರಾಫ್ ಅಂಗಡೀಲಿ ಎಲ್ಲಕ್ಕೂ ಒಂದೇ ರೇಟು ಹಾಕಿದ್ರೆ ಈ ವ್ಯತ್ಯಾಸ ಹೇಳಿ ವಾದ ಮಾಡಿ.

ಇನ್ನೊಂದು, ನಮ್ಮ ಕಡೆ ಬೆಳ್ಳಿ ರೂಪಾಯಿಗೆ ಕುಣಿಕೆ ಬೆಸೆದು ಸರಕ್ಕೆ ಹಾಕ್ಕೊಳ್ಳೋರು ತುಂಬಾ ಇದ್ರು. ಅಂಚಲ್ಲಿ ಬೆಸುಗೆ ಗುರುತು ಕಂಡ್ರೆ ಕಲೆಕ್ಟರ್ ತಗೊಳ್ಳಲ್ಲ, ಆವಾಗ ಬೆಳ್ಳಿ ತೂಕದ ಬೆಲೆ ಮಾತ್ರ.

ಚಿಲ್ಲರೆ ಕಡೆ ಬರೋಣ, ನನಗೆ ಇಷ್ಟ ಆಗೋದು ಇದೇ. ತೂತಿನ ಕಾಸು ಕೈಯಲ್ಲಿ ಹಿಡ್ಕೊಂಡು ನೋಡಿ. ಒಂದ್ಕಡೆ ಕಿರೀಟ ಮತ್ತು ಇಸವಿ, ಇನ್ನೊಂದ್ಕಡೆ ತೂತಿನ ಸುತ್ತ ಎಲೆ ಬಳ್ಳಿ, ತೂಕ ಬರೀ ಎರಡು ಗ್ರಾಂ. 1943ರಿಂದ 47ರವರೆಗೆ ಬಂದಿದ್ದು. ಯುದ್ಧಕ್ಕೆ ತಾಮ್ರ ಬೇಕಾಗಿ ನಾಣ್ಯದ ಮಧ್ಯದ ಲೋಹಾನೇ ಉಳಿಸಿದ್ರು. ಮಕ್ಕಳ ಉಡುದಾರಕ್ಕೆ ಕಟ್ಟಿದ್ದು, ಬೋಲ್ಟಿಗೆ ವಾಷರ್ ಮಾಡ್ಕೊಂಡಿದ್ದು ಎಲ್ಲ ಇದನ್ನೇ. ಬೆಲೆ ಇಪ್ಪತ್ತರಿಂದ ಐವತ್ತು ರೂಪಾಯಿ ಇರಬಹುದು, ಸವೆತದ ಮೇಲೆ. ಹೂವಿನ ಅಂಚಿಂದು ಒಂದಾಣೆ, ಮೂಲೆ ದುಂಡಗಿರೋ ಚೌಕ ಎರಡಾಣೆ, ಈ ಆಕಾರಗಳು ಚಂದಕ್ಕಲ್ಲ, ಕತ್ತಲಲ್ಲಿ ಸೊಂಟದ ಚೀಲಕ್ಕೆ ಕೈ ಹಾಕಿದ್ರೂ ಯಾವುದು ಅಂತ ಗೊತ್ತಾಗಲಿ ಅಂತ.

ಆಮೇಲೆ 1957ರ ಏಪ್ರಿಲ್ 1. ಅಲ್ಲಿವರೆಗೆ ರೂಪಾಯಿಗೆ ಹದಿನಾರಾಣೆ, ಆಣೆಗೆ ಹನ್ನೆರಡು ಕಾಸು. ಅವತ್ತಿಂದ ರೂಪಾಯಿಗೆ ನೂರು ನಯಾ ಪೈಸೆ. ಒಂದಾಣೆ ಅಂದ್ರೆ ಆರೂಕಾಲು ಪೈಸೆ, ಆ ಕಾಲು ಪೈಸೆ ಯಾರ ಪಾಲಿಗೆ ಅಂತ ಅಂಗಡೀಲಿ ಜಗಳ. ಅದಕ್ಕೇ ಒಂದು ಪೈಸೆ ಮೇಲೆ ಹಿಂದೀಲಿ ರುಪಯೇ ಕಾ ಸೌವಾಂ ಭಾಗ್ ಅಂತ ಬರೆದಿದ್ರು, ರೂಪಾಯೀಲಿ ನೂರನೇ ಒಂದು ಪಾಲು ಇದು ಅಂತ ಜನಕ್ಕೆ ತಿಳೀಲಿ ಅಂತ. ನಯಾ ಅನ್ನೋ ಪದ 1964ರ ಜೂನಲ್ಲಿ ಹೋಯ್ತು. ಲೋಹದ ಬೆಲೆ ನಾಣ್ಯದ ಮುಖಬೆಲೇನೇ ದಾಟೋ ಹಾಗೆ ಆದಾಗ ಅಲ್ಯೂಮಿನಿಯಂ ಬಂತು, ಆರು ಮೂಲೆ ಮೂರು ಪೈಸೆ, ಚೌಕ ಐದು ಪೈಸೆ ಎಲ್ಲ ಆವಾಗಿನವು. ನಿಮ್ಮ ಡಬ್ಬೀಲಿ ಅದೇ ರಾಶಿ ಇರೋದಕ್ಕೂ ಕಾರಣ ಇದೇ, ಕಂಚು ಹಿತ್ತಾಳೆಯವನ್ನ ಕರಗಿಸಿದ್ರು, ಇದನ್ನ ಕರಗಿಸಿ ಯಾರಿಗೂ ಏನೂ ಗಿಟ್ಟಲ್ಲ. ಕಮಲದ ಇಪ್ಪತ್ತು ಪೈಸೇಲಿ ಚಿನ್ನ ಇದೆ ಅನ್ನೋದು ಸುಳ್ಳು, ಅದು ನಿಕ್ಕಲ್ ಬೆರೆಸಿದ ಹಿತ್ತಾಳೆ, 1968ರಿಂದ 71ರವರೆಗಿನದು. ಆದ್ರೆ ಲಕ್ಷ್ಮೀ ಪೂಜೆಗೆ 108 ಕಮಲದ ಬಿಲ್ಲೆ ಅಂತ ಕೇಳೋರು ಇದ್ದಾರೆ, ಅದಕ್ಕೆ ಹತ್ತಿಪ್ಪತ್ತು ರೂಪಾಯಿ ಆಸುಪಾಸು ಬೆಲೆ ನಿಂತಿದೆ.

ಉಜ್ಜೋ ವಿಷ್ಯ. ದಯವಿಟ್ಟು ನಿಲ್ಲಿಸಿ. ಹುಣಸೆಹಣ್ಣು, ನಿಂಬೆಹಣ್ಣು, ಪೀತಾಂಬರಿ, ಟೂತ್‌ಪೇಸ್ಟ್, ಬೂದಿ ಯಾವುದೂ ಬೇಡ. ಕಂಚಿನ ಮೇಲೆ ಕೂತಿರೋ ಕಂದು ಬಣ್ಣ ಕೊಳೆ ಅಲ್ಲ, ಎಷ್ಟೋ ವರ್ಷ ಗಾಳಿಗೆ ಲೋಹ ತಾನೇ ಕಟ್ಕೊಂಡ ಪದರ, ಒಳಗಿನ ಲೋಹಾನ ಕಾಯೋದೇ ಅದು. ಹುಳಿ ಹಾಕಿದ್ರೆ ಪದರ ಕರಗುತ್ತೆ, ಜೊತೆಗೆ ಅಕ್ಷರದ ಏಣುಗಳೂ ಸವೆಯುತ್ತೆ, ಹಿತ್ತಾಳೆ ನಾಣ್ಯ ಆದ್ರೆ ಸತು ಹೊರಗೆ ಹೋಗಿ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಅಲ್ಯೂಮಿನಿಯಮ್ಮಿಗೆ ಬೂದಿ, ಸೋಡಾ ಇನ್ನೂ ಕೆಟ್ಟದು, ತಿಂದುಹಾಕಿ ಗುಳಿ ಬೀಳಿಸುತ್ತೆ. ಫಳಫಳ ಅನ್ನೋ ನಾಣ್ಯ ತಂದು ತೋರಿಸಿದ್ರೆ ನಾವು ಮೊದ್ಲು ರೇಟು ಇಳಿಸೋದೇ ಅದಕ್ಕೆ. ನೀವು ಉಜ್ಜಿರೋದನ್ನ ಈಗ ವಾಪಸ್ ತರೋಕಾಗಲ್ಲ, ಚೆನ್ನಾಗಿ ನೀರಲ್ಲಿ ತೊಳೆದು ಒಣಗಿಸಿ ಹುಳಿ ಅಂಶ ಉಳೀದ ಹಾಗೆ ಮಾಡಿ, ಬೇರೆ ಇಡಿ. ಮಣ್ಣು ಮೆತ್ತಿರೋದು ಇದ್ರೆ ಡಿಸ್ಟಿಲ್ಡ್ ವಾಟರಲ್ಲಿ ಒಂದೆರಡು ದಿನ ನೆನೆಸಿ, ಹತ್ತಿ ಬಟ್ಟೆ ಮೇಲೆ ಒತ್ತಿ ಒಣಗಿಸಿ, ತಿಕ್ಕಬೇಡಿ. ಇನ್ನು ಮೆತ್ತನೆ ಪ್ಲಾಸ್ಟಿಕ್ ಆಲ್ಬಂಗಳು ಬರುತ್ತೆ ನೋಡಿ ಅಗ್ಗದ್ದು, ಪಿವಿಸಿದು, ಬಿಸಿಲು ಕಾಲದಲ್ಲಿ ಅದು ಆಸಿಡ್ ಬಿಟ್ಟು ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತೆ. ಚೌಕ ರಟ್ಟಿನ ಹೋಲ್ಡರ್ ತಗೊಳ್ಳಿ, ಡಬ್ಬೀಲಿ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಸಾಕು.

ಪೊಲೀಸ್ ಭಯ ಬಿಡಿ. ಮನೇಲಿರೋ ಹಳೇ ಚಿಲ್ಲರೆ ಇಟ್ಕೊಳ್ಳೋಕೆ, ಊರಲ್ಲೇ ಮಾರೋಕೆ ಲೈಸೆನ್ಸ್ ಏನೂ ಬೇಡ. ಮೂರು ಕಡೆ ಮಾತ್ರ ಹುಷಾರು. ನೂರು ವರ್ಷ ದಾಟಿದ ನಾಣ್ಯ 1972ರ ಕಾಯ್ದೆ ಪ್ರಕಾರ ಪುರಾತನ ವಸ್ತು, ಅದನ್ನ ವಿದೇಶಕ್ಕೆ ಕಳಿಸೋ ಹಾಗಿಲ್ಲ, ಅಮೆರಿಕದಲ್ಲಿರೋ ಮಗನ ಕೈಲೂ ಕೊಟ್ಟು ಕಳಿಸಬಾರದು. ಎರಡನೇದು, ಹೊಲ ಉಳುವಾಗಲೋ ಪಾಯ ತೆಗೆಯುವಾಗಲೋ ಮಣ್ಣಲ್ಲಿ ಸಿಕ್ಕಿದ್ರೆ ಅದು ನಿಧಿ ಲೆಕ್ಕ, 1878ರ ಕಾಯ್ದೆ ಇದೆ, ಜಿಲ್ಲಾಡಳಿತಕ್ಕೆ ತಿಳಿಸಲೇಬೇಕು. ನಿಮ್ಮದು ಅಟ್ಟದ್ದು, ಆ ಚಿಂತೆ ಇಲ್ಲ, ಆದ್ರೆ ಮನೆ ಬಿಚ್ಚಿ ಪಾಯ ಅಗೆಯುವಾಗ ಏನಾದ್ರೂ ಸಿಕ್ರೆ ಈ ಡಬ್ಬಿಗೆ ಸೇರಿಸಿಬಿಡಬೇಡಿ. ಕೊನೇದು, ಈಗಲೂ ಚಲಾವಣೇಲಿರೋ ನಾಣ್ಯಾನ ಗುಜರಿಯವನಿಗೆ ತೂಕಕ್ಕೆ ಹಾಕಿ ಕರಗಿಸೋದು, ಅದೂ 2011ರ ನಾಣ್ಯ ಕಾಯ್ದೇಲಿ ಅಪರಾಧ.

ಬ್ಯಾಂಕಿಗೆ ಕೊಟ್ಟು ಬದಲಾಯಿಸೋಣ ಅಂದ್ರೂ ಆಗಲ್ಲ, ಇಪ್ಪತ್ತೈದು ಪೈಸೆ ಮತ್ತು ಅದಕ್ಕಿಂತ ಕೆಳಗಿನದೆಲ್ಲ 2011ರ ಜೂನ್ 30ರಿಂದ ಚಲಾವಣೆಯಿಂದ ಹೋಗಿದೆ. ಅಂದ ಹಾಗೆ ಐವತ್ತು ಪೈಸೆ ಹೋಗಿಲ್ಲ, ಕಾನೂನು ಪ್ರಕಾರ ಈಗಲೂ ನಡೆಯುತ್ತೆ, ತಗೊಳ್ಳೋ ಅಂಗಡಿ ತೋರಿಸಿ ನೋಡೋಣ. ಹತ್ತು ರೂಪಾಯಿ ನಾಣ್ಯಾನೇ ಬೇಡ ಅಂತಾರೆ ನಮ್ಮ ಮಂಡಿಪೇಟೇಲಿ, 14 ಡಿಸೈನೂ ನಡೆಯುತ್ತೆ ಅಂತ ಆರ್‌ಬಿಐ 2018ರಲ್ಲೇ ಹೇಳಿದೆ.

ಈಗ ಏನು ಮಾಡಬಹುದು ನೀವು. ಮಾರಬೇಕು ಅಂದ್ರೆ ಬೆಳ್ಳಿ ನಾಲ್ಕನ್ನ ಬೇರೆ ಮಾಡಿ, ಎರಡು ಕಡೆ ರೇಟು ಕೇಳಿ. ಉಳಿದ ಚಿಲ್ಲರೆ ಒಟ್ಟು ಲಾಟಾಗಿ ಡೀಲರ್‌ಗೆ ಕೊಡಬಹುದು, ಬೆಂಗಳೂರಲ್ಲಿ ಅವೆನ್ಯೂ ರಸ್ತೆ, ಚಿಕ್ಕಪೇಟೆ ಕಡೆ ಕೊಳ್ಳೋರಿದ್ದಾರೆ, ನಾಣ್ಯ ಮೇಳಗಳೂ ನಡೆಯುತ್ತೆ. ಲಾಟಲ್ಲಿ ಕೊಟ್ರೆ ಬೇಗ ಮುಗಿಯುತ್ತೆ, ಆದ್ರೆ ಅದರೊಳಗೆ ಒಂದು ಒಳ್ಳೇ ನಾಣ್ಯ ಇದ್ರೆ ಅದೂ ಅದೇ ರೇಟಿಗೆ ಹೋಗುತ್ತೆ, ನಮ್ಮಂಥೋರ ಲಾಭ ಇರೋದೇ ಅಲ್ಲಿ, ಸುಳ್ಳು ಯಾಕೆ ಹೇಳ್ಲಿ. ಒಂದೊಂದಾಗಿ ಆನ್‌ಲೈನಲ್ಲಿ ಮಾರಿದ್ರೆ ನಾಲ್ಕು ಕಾಸು ಜಾಸ್ತಿ ಸಿಗಬಹುದು, ಅದಕ್ಕೆ ಪೋಸ್ಟು, ಪ್ಯಾಕಿಂಗು, ದುಡ್ಡು ಹಾಕ್ತೀನಿ ಕ್ಯೂಆರ್ ಸ್ಕ್ಯಾನ್ ಮಾಡಿ ಅನ್ನೋ ಕಳ್ಳರು ಎಲ್ಲ ಎದುರಿಸಬೇಕು. ದುಡ್ಡು ಬರೋದಕ್ಕೆ ನೀವು ಸ್ಕ್ಯಾನ್ ಮಾಡೋದಾಗಲೀ ಪಿನ್ ಒತ್ತೋದಾಗಲೀ ಯಾವತ್ತೂ ಬೇಕಿಲ್ಲ. ಸರ್ಟಿಫಿಕೇಟ್ ಮಾಡಿಸಿ ಪ್ಲಾಸ್ಟಿಕ್ ಡಬ್ಬೀಲಿ ಸೀಲ್ ಮಾಡ್ಸೋ ಗ್ರೇಡಿಂಗ್ ಕಂಪನಿಗಳಿವೆ, ನಿಮ್ಮ ಚಿಲ್ಲರೆಗೆ ಅದು ದಂಡ, ನಾಣ್ಯಕ್ಕಿಂತ ಫೀಸೇ ಜಾಸ್ತಿ ಆಗುತ್ತೆ.

ನಂಗೆ ಕೇಳಿದ್ರೆ ನಿಮ್ಮ ಆಸೆ ಸರಿ ಇದೆ, ಬೆಳ್ಳಿ ಏನಾದ್ರೂ ಮಾಡ್ಕೊಳ್ಳಿ, ಚಿಲ್ಲರೆ ಇಟ್ಕೊಳ್ಳಿ. ಎಲ್ಲಾನೂ ಕೂಡಿಸ್ತೀನಿ ಅಂತ ಹೊರಡಬೇಡಿ, ಮೂರು ತಿಂಗಳಲ್ಲಿ ಬೇಜಾರಾಗುತ್ತೆ. ನಯಾ ಪೈಸೆ ಒಂದನ್ನೇ ಹಿಡ್ಕೊಳ್ಳಿ. ಒಂದು, ಎರಡು, ಐದು, ಹತ್ತು, ಇಪ್ಪತ್ತೈದು, ಐವತ್ತು, ಆರೇ ಥರ, ಐವತ್ತು ಮಾತ್ರ ತಡವಾಗಿ 1960ಕ್ಕೆ ಬಂತು. ಆಮೇಲೆ ಪ್ರತಿಯೊಂದಕ್ಕೂ ಇಸವಿ, ಇಸವಿಗೆ ಮಿಂಟು ಅಂತ ಬೆಳೆಸ್ತಾ ಹೋಗಿ. ಮಿಂಟ್ ನೋಡೋದು ಸುಲಭ, ಬಂಗಾರದಂಗಡಿಯವರು ಕಣ್ಣಿಗೆ ಹಾಕ್ಕೊಳ್ಳೋ ಹತ್ತು ಪಟ್ಟಿನ ಲೆನ್ಸ್ ತಗೊಂಡು ಇಸವಿ ಕೆಳಗೆ ನೋಡಿ. ಪುಟಾಣಿ ವಜ್ರದಾಕಾರ ಇದ್ರೆ ಬಾಂಬೆ, ನಕ್ಷತ್ರ ಇದ್ರೆ ಹೈದರಾಬಾದ್, ಏನೂ ಇಲ್ದಿದ್ರೆ ಕಲ್ಕತ್ತಾ. ದುಂಡಗಿನ ಚುಕ್ಕಿ ಇದ್ರೆ ನೋಯ್ಡಾ, ಅದು 1988ರ ಆಮೇಲಿನ ನಾಣ್ಯದಲ್ಲಿ ಮಾತ್ರ. ಒಂದೇ ಇಸವಿ ನಾಣ್ಯ ಒಂದು ಮಿಂಟಿಂದು ರಾಶಿ ಇರುತ್ತೆ, ಇನ್ನೊಂದು ಮಿಂಟಿಂದು ಹುಡುಕಿದ್ರೂ ಸಿಗಲ್ಲ, ಈ ಹವ್ಯಾಸದ ಮಜಾ ಪೂರ್ತಿ ಅಲ್ಲೇ ಇರೋದು. 1985ರ ಒಂದು ರೂಪಾಯಿ ಸಿಕ್ರೆ ಇಸವಿ ಕೆಳಗೆ ಇಂಗ್ಲಿಷ್ ಎಚ್ ಅಕ್ಷರ ಇದ್ಯಾ ನೋಡಿ, ಚಿಲ್ಲರೆಗೆ ಬರ ಬಂದು ಆ ವರ್ಷ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಲ್ಲಿ ಮಾಡಿಸಿ ತರಿಸಿದ್ದು ಅದು. ಅಪರೂಪ ಅಲ್ಲ, ಆದ್ರೆ ಮೊದಲ ಸಲ ಕಂಡಾಗ ಖುಷಿಯಾಗುತ್ತೆ.

ಎರಡೂ ಕಡೆ ಒಂದೇ ಚಿತ್ರ ಇದೆ, ಇದು ಮಿಂಟ್ ಎರರ್ರು ಅಂತ ಯಾರಾದ್ರೂ ಸಾವಿರಾರು ಹೇಳಿದ್ರೆ ಅಂಚು ನೋಡಿ. ಎರಡು ನಾಣ್ಯ ಅರ್ಧಕ್ಕೆ ಉಜ್ಜಿ ಅಂಟಿಸಿರೋದೇ ಜಾಸ್ತಿ, ಗೆರೆ ಸಿಗುತ್ತೆ.

ಬೆಳ್ಳಿ ರೂಪಾಯಿಗಳ ಫೋಟೋ ಕಳಿಸಿ, ಒಂದೊಂದೂ ಎರಡೂ ಕಡೆ, ಹಗಲು ಬೆಳಕಲ್ಲಿ ಕಿಟಕಿ ಹತ್ರ, ಫ್ಲ್ಯಾಶ್ ಇಲ್ದೆ, ಇಸವಿ ಓದೋ ಹಾಗೆ, ಅಂಚಿಂದೂ ಒಂದು. ತೂಕದ ತಕ್ಕಡಿ ಸಿಕ್ಕಿದ್ರೆ ಗ್ರಾಂ ಬರೆದು ಕಳಿಸಿ. 1939 ಇದ್ರೆ ಮಾತ್ರ ನಾನು ಹೇಳೋವರೆಗೂ ಭಾವನಿಗೆ ತೋರಿಸಬೇಡಿ.